ಬಾಗಿಲಿಗೆ ಅಡ್ಡ ಕೂತ ದೊಡ್ಡವ್ವ

ಅವಳ ಎಡ ಹೊಳ್ಳೆಯಿಂದ ನಶ್ಯದ ಕಂದು ನೀರು ಮೇಲ್ದುಟಿಯವರೆಗೆ ಇಳಿದು, ಅಲ್ಲೇ ಒಣಗಿ ಗೆರೆಯಾಗಿರುತ್ತಿತ್ತು. ಅದನ್ನು ಒರೆಸಿಕೊಂಡ ಸೆರಗಿನ ತುದಿಯಿಂದಲೇ ನನ್ನ ಅವ್ವನ ಬಾಯಿಯನ್ನೂ ಒರೆಸಿದಳೆಂದು ನನ್ನ ನೆನಪು. ತಂಗಿ ಒಪ್ಪುವುದಿಲ್ಲ. ಅದಕ್ಕೆ ಬೇರೆ ಬಟ್ಟೆಯಿತ್ತು, ನೀನು ಸರಿಯಾಗಿ ನೋಡಿಲ್ಲ ಎನ್ನುತ್ತಾಳೆ. ಆ ದಿನಗಳಲ್ಲಿ ನಿಜವಾಗಿ ನಡೆದದ್ದೆಷ್ಟು, ಆಮೇಲೆ ನಾನು ಕಟ್ಟಿಕೊಂಡದ್ದೆಷ್ಟು ಎಂದು ಬೇರ್ಪಡಿಸಲು ಈಗ ನನ್ನಿಂದ ಆಗುತ್ತಿಲ್ಲ. ಗಟ್ಟಿಯಾಗಿ ಉಳಿದಿರುವುದು ಅಸಹ್ಯವೊಂದೇ.

ಬೀದಿಯಲ್ಲಿ ನಮಗಿಂತ ಒಂದು ಮನೆ ಮೇಲಿನವಳು. ರಕ್ತಸಂಬಂಧವೇನೂ ಇಲ್ಲ, ತಾಳವಾಡಿಯ ನಮ್ಮ ಬೀದಿಗೆಲ್ಲ ಅವಳು ದೊಡ್ಡವ್ವ. ದಾರಿಗಡ್ಡ ಮಲಗಿದ ನಾಯಿಯನ್ನೂ ಎಬ್ಬಿಸದೆ ಸುತ್ತಿಕೊಂಡು ಹೋಗುತ್ತಿದ್ದಳು. ‘ನಿದ್ದ ಬಂದ್ರ ದೇವ್ರು ಬಂದಂಗ ಕಣಪ್ಪ’ ಎನ್ನುವುದು ಅವಳ ಮಾತು. ಮೈಸೂರಿನಲ್ಲಿ ಮನಃಶಾಸ್ತ್ರ ಓದಿ ಬಂದಿದ್ದ ನಾನು ಅದನ್ನೂ ಊರಿನ ಮೂಢನಂಬಿಕೆಗಳ ಸಾಲಿಗೆ ಸೇರಿಸಿದ್ದೆ.

ಹಾಲು ಕರೆಯಲು ಹೋದ ಅವ್ವ ಕೊಟ್ಟಿಗೆಯಲ್ಲಿ ಜಾರಿ, ಕಲ್ಲಿನ ಬಾನಿಗೆ ತಲೆ ಹೊಡೆದುಕೊಂಡಳು. ದಿಂಬಂ ಘಟ್ಟದ ತಿರುವುಗಳಲ್ಲಿ ಇಳಿಸಿ ಕೊಯಮತ್ತೂರಿಗೆ ಒಯ್ದೆವು. ಮೆದುಳಿಗೆ ಪೆಟ್ಟಾಗಿದೆ, ಆಪರೇಷನ್ ಬೇಡ, ದಿನ ಹಿಡಿಯುತ್ತದೆ ಎಂದು ಎಂಟನೆಯ ದಿನ ಮನೆಗೆ ಕಳಿಸಿದರು. ಮಾತು ತೊದಲುತ್ತಿತ್ತು. ಹೆಸರುಗಳು ಕಲಸಿಹೋಗಿದ್ದವು. ಅವು ಅವಳಿಗೆ ಮರಳುತ್ತವೋ ಇಲ್ಲವೋ ಎಂಬ ಭಯ ಬಿಟ್ಟರೆ ನಮ್ಮ ಮನೆಯಲ್ಲಿ ಬೇರೇನೂ ಇರಲಿಲ್ಲ.

ನಮ್ಮ ಕಡೆ ರೋಗಿಯನ್ನು ನೋಡಲು ಬಂದವರು ಸುಮ್ಮನೆ ನೋಡಿ ಹೋಗುವುದಿಲ್ಲ. ತೋಳು ಅಲ್ಲಾಡಿಸಿ ಎಬ್ಬಿಸಿ, ಮುಖಕ್ಕೆ ಮುಖ ತಂದು, ‘ನಾನ್ ಯಾರು ಯೋಳು?’ ಎನ್ನಬೇಕು. ಗುರುತು ಹಿಡಿಸಿಕೊಳ್ಳದೆ ಹೋದರೆ ನೆಂಟಸ್ತಿಕೆಗೇ ಅವಮಾನ. ಬೀಡಿಯ ಉಸಿರು, ಬೆವರು, ಮಂಚದ ಕೆಳಗೆ ತಾವೇ ತಿಂದೆಸೆದ ಬಾಳೆಹಣ್ಣಿನ ಸಿಪ್ಪೆ. ತಾಳಮಲೆಯಿಂದ ಬಂದ ಸೋದರಮಾವ ಕೇಳಿದಾಗ ಅವ್ವ ಬಹಳ ಹೊತ್ತು ನೋಡಿ, ತೀರಿಹೋದ ಅಪ್ಪನ ಹೆಸರು ಹೇಳಿದಳು. ಗಂಡ ಬದುಕಿದ್ದಷ್ಟು ದಿನವೂ ಬಾಯಿಬಿಟ್ಟು ಆಡದ ಹೆಸರು. ‘ಬಾವನ್ನೇ ಎಬ್ಬಿಸ್ಬುಟ್ಲಲ್ಲಾ’ ಎಂದು ಮಾವ ತೊಡೆ ತಟ್ಟಿಕೊಂಡ. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವ್ವ ಸೆರಗನ್ನು ಮುಖದ ಮೇಲೆಳೆದುಕೊಂಡಳು. ಮಾವನ ಮಗ, ಮೆದುಳನ್ನು ಗುಣಪಡಿಸುವ ನಾದವಂತೆ, ಅದನ್ನು ಫೋನಿನಲ್ಲಿ ಹಾಕಿ ಅವಳ ಕಿವಿಯ ಪಕ್ಕ ಇಟ್ಟಿದ್ದ. ನಡುನಡುವೆ ಅದು ಹಾಸಿಗೆ ಮಾರುವವರ ಜಾಹೀರಾತನ್ನು ಕಿರುಚುತ್ತಿತ್ತು.

ಇವರೆಲ್ಲರಿಗಿಂತ ಕಡೆಯಾದವನು ನಾನು. ಬಳಸದ ಮೆದುಳು ತುಕ್ಕು ಹಿಡಿಯುತ್ತದೆಂದು ನಂಬಿದ್ದೆ. ನೋಟ್‌ಬುಕ್ಕಿನಲ್ಲಿ ಪಟ್ಟಿ ಹಾಕಿ, ಗಂಟೆಗೊಮ್ಮೆ ಎಬ್ಬಿಸಿ ಕೇಳುತ್ತಿದ್ದೆ. ಇವತ್ತು ಯಾವ ವಾರ? ನೂರರಲ್ಲಿ ಏಳು ಕಳೆದರೆ ಎಷ್ಟು? ತಪ್ಪಿದಾಗ ಅವಳು ಅಳುತ್ತಿದ್ದಳು. ಅಳುವನ್ನೂ ನಾನು ಬರೆದುಕೊಂಡಿದ್ದೇನೆ.

ದೊಡ್ಡವ್ವ ಆ ನೋಟ್‌ಬುಕ್ಕನ್ನು ಕಿತ್ತು ಕಲಗಚ್ಚಿಗೆ ಎಸೆದಳೆಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದೆ. ಸುಳ್ಳು. ಅದು ಈಗಲೂ ನನ್ನ ಬೀರುವಿನಲ್ಲಿದೆ. ಆದರೆ ಅವಳಂದ ಮಾತನ್ನು ತಂಗಿಯೂ ಹಾಗೇ ಹೇಳುತ್ತಾಳೆ:

‘ಈದ ಅಸನ ದಿನಾ ಸಂತಗ ಒಡ್ಕಂಡೋಗಿ, ಬಂದೋರೆಲ್ಲಾ ಕೆಚ್ಚಲ ಅದುಮಿ ನೋಡುದ್ರ ಆಲು ಬಂದದೇನ್ಲಾ? ಓದ್ದೋನಂತ, ಓದ್ದೋನು. ಮೇಕ್ಕೇಳು.’

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದುಕೊಂಡು ಬಂದವಳು ಅವ್ವನ ಕೋಣೆಯ ಬಾಗಿಲಿಗೆ ಅಡ್ಡವಾಗಿ ಕೂತಳು. ಕೊರಳ ಲಿಂಗವನ್ನು ಬಿಚ್ಚಿ ಎಡ ಅಂಗೈ ಮೇಲಿಟ್ಟುಕೊಂಡು ಪೂಜೆಗೆ ಇಳಿದಳು. ಪೂಜೆಯಲ್ಲಿರುವವರನ್ನು ನಮ್ಮವರು ಮಾತಾಡಿಸುವುದಿಲ್ಲ, ದಾಟಿ ಹೋಗುವುದಂತೂ ಇಲ್ಲವೇ ಇಲ್ಲ. ಅವಳದು ಸಾಮಾನ್ಯವಾಗಿ ಹತ್ತು ನಿಮಿಷದ ಪೂಜೆ. ಅವತ್ತು ಮಧ್ಯಾಹ್ನ ಎರಡು ಗಂಟೆಯಾದರೂ ಏಳಲಿಲ್ಲ. ಬಂದವರು ಜಗಲಿಯಲ್ಲಿ ಕೂತರು, ಕೆಮ್ಮಿದರು, ಗೊಣಗಿದರು, ಹಣ್ಣಿನ ಚೀಲ ಇಟ್ಟು ಎದ್ದು ಹೋದರು. ಮುದುಕಿ ತೂಕಡಿಸುತ್ತಿರಬೇಕೆಂದು ಬಗ್ಗಿ ನೋಡಿದೆ. ಕಣ್ಣು ಅರೆತೆರೆದು ಅಂಗೈಯಲ್ಲೇ ನೆಟ್ಟಿತ್ತು. ಉಸಿರಾಡುವುದೇ ಕಾಣಿಸದಷ್ಟು ನಿಧಾನ.

ಇಷ್ಟು ಹೊತ್ತು ಕೂತರೆ ಶಿವ ತಲೆಯ ಪೆಟ್ಟು ವಾಸಿ ಮಾಡುತ್ತಾನಾ ಎಂದು ಆಮೇಲೆ ಕುಟುಕಿದೆ. ನಶ್ಯ ಏರಿಸಿ, ಎರಡು ಸಲ ಸೀನಿ, ಅವಳೆಂದಳು: ‘ತಲನ ಶಿವ ಕಾಯ್ಲಿ. ನಾ ಬಾಗ್ಲ ಕಾಯ್ತೀನಿ.’

ಮಧ್ಯಾಹ್ನದ ಮೇಲೆ ಮೊರ ಹಿಡಿದು ಒಳಗೆ ಕೂತು ರಾಗಿ ಕೇರುತ್ತಿದ್ದಳು. ಜರ್… ಜರ್… ಒಂದೇ ಹದದ ಸದ್ದು. ಬೆಚ್ಚಿ ಬೆಚ್ಚಿ ಏಳುತ್ತಿದ್ದ ಅವ್ವ ಆ ಸದ್ದಿಗೆ ಗೊರಕೆ ಹೊಡೆಯುವಷ್ಟು ಮಲಗಿದಳು. ನಾಲ್ಕನೆಯ ದಿನವೋ ಐದನೆಯ ದಿನವೋ ಮೊರದೊಳಗೆ ಇಣುಕಿದೆ. ಒಂದು ಚೂರು ಹೊಟ್ಟಿಲ್ಲ, ಕಲ್ಲಿಲ್ಲ. ಅದೇ ಎರಡು ಸೇರು ರಾಗಿಯನ್ನು ದಿನವೂ ಕೇರುತ್ತಿದ್ದಳು.

ಹೀಗೆ ಹನ್ನೊಂದು ದಿನ ಎಂದು ನನ್ನ ಲೆಕ್ಕ, ಒಂಬತ್ತು ಎಂದು ತಂಗಿಯದು. ಒಂದು ಮಧ್ಯಾಹ್ನ ಅವ್ವ ತಾನಾಗಿಯೇ ಕಣ್ಣುಬಿಟ್ಟು, ಬಾಗಿಲಲ್ಲಿ ಪೂಜೆಗೆ ಕೂತಿದ್ದ ದೊಡ್ಡವ್ವನ ಕಡೆ ತಿರುಗಿದಳು. ಯಾರೂ ಏನೂ ಕೇಳಿರಲಿಲ್ಲ.

‘ಅಕ್ಕಾ, ಉಂಡ್ಯಾ?’

ಪೂಜೆ ಮುಗಿಯದೆ ದೊಡ್ಡವ್ವ ಬಾಯಿಗೆ ನೀರನ್ನೂ ಹಾಕುವವಳಲ್ಲ. ಅಷ್ಟೂ ದಿನ ಎಪ್ಪತ್ತು ದಾಟಿದ ಆ ಹೆಂಗಸು ಮಧ್ಯಾಹ್ನದವರೆಗೆ ಖಾಲಿ ಹೊಟ್ಟೆಯಲ್ಲಿ ನಮ್ಮ ಬಾಗಿಲು ಕಾಯುತ್ತಿದ್ದಾಳೆಂದು ನನಗೆ ಹೊಳೆದದ್ದು ಆಗ. ಕಲಸಿದ ತಲೆಯ ಅವ್ವನಿಗೆ ಹೊಳೆದ ಮೇಲೆ. ನನ್ನ ಬಗ್ಗೆ ನನಗೆ ಹುಟ್ಟಿದ ಹೇಸಿಗೆ ಇನ್ನೂ ಹೋಗಿಲ್ಲ.

ಮೌನವೂ ಮೊರವೂ ಸೇರಿ ಅವ್ವನನ್ನು ಗುಣಪಡಿಸಿದವೆಂದು ನಾನು ಬರೆಯುವುದಿಲ್ಲ. ಪೆಟ್ಟು ತನ್ನಷ್ಟಕ್ಕೆ ಮಾಯುವುದೂ ಉಂಟು. ಅವ್ವ ಈಗ ಹೆಸರುಗಳನ್ನು ತಪ್ಪುವುದಿಲ್ಲ, ಅಷ್ಟು ನಿಜ.

ಹೋದ ವರ್ಷ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ದೊಡ್ಡವ್ವ ಏಳಲೇ ಇಲ್ಲ. ಮಲಗಿದ್ದಾಳೆಂದು ಸಂಜೆಯವರೆಗೆ ಯಾರೂ ಅವಳನ್ನು ಮುಟ್ಟಲಿಲ್ಲ. ಮಣ್ಣು ಮಾಡಿ ಬಂದ ಮೇಲೆ, ನನ್ನ ನೆನಪುಗಳಲ್ಲಿ ಒಂದಾದರೂ ನಿಲ್ಲುತ್ತದೆಯೇ ನೋಡೋಣವೆಂದು ಅವ್ವನ ಆಸ್ಪತ್ರೆಯ ಕಡತ ಹುಡುಕಿ ತೆಗೆದೆ. ಕೊನೆಯ ಹಾಳೆಯಲ್ಲಿ ಮನೆಯವರಿಗೆ ಸೂಚನೆಗಳಿದ್ದವು: ಚೆನ್ನಾಗಿ ನಿದ್ದೆ ಮಾಡಲು ಬಿಡಬೇಕು, ಗದ್ದಲವಿರಬಾರದು, ನೋಡಲು ಬರುವವರನ್ನು ತಡೆಯಬೇಕು, ಪ್ರಶ್ನೆ ಕೇಳಿ ದಣಿಸಬಾರದು. ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಅಚ್ಚಾಗಿತ್ತು. ‘ಓದಿ ತಿಳಿದುಕೊಂಡಿದ್ದೇನೆ’ ಎಂಬ ಸಾಲಿನ ಕೆಳಗೆ ಇದ್ದದ್ದು ನನ್ನ ರುಜು.