ಮಿರ್ಚಿ ತಿಂದ ಮೇಲೆ ನಕ್ಕ ಕಂಪೌಂಡರ

ಮೊನ್ನೆ ಶಹಾಪುರದ ಕೆರೆ ದಂಡೆಯ ಮೇಲೆ ಹಾಯ್ದು ಬರುವಾಗ ಪೇಂಟಿನ ವಾಸನೆ ಬಂತು. ಅದರ ಬೆನ್ನಿಗೇ ಬಂಡಿ ಅಂಗಡಿಯಲ್ಲಿ ಮಿರ್ಚಿ ಕರಿಯುವ ವಾಸನೆ. ಇವೆರಡೂ ಒಟ್ಟಿಗೆ ಮೂಗಿಗೆ ಬಿದ್ದರೆ ನನಗೆ ಪಕ್ಕದ ಮನೆಯ ಕಾಕಾ ನೆನಪಾಗದೆ ಇರುವುದಿಲ್ಲ.

ಆಗ ನಾನು ಕಕ್ಕೇರಾದಿಂದ ಸೊಸೆಯಾಗಿ ಬಂದ ಹೊಸತು. ಎರಡು ಮನೆಗಳ ನಡುವೆ ಎದೆಮಟ್ಟದ ಗೋಡೆ, ಅದರಾಚೆ ಕಾಕಾನ ಅಂಗಳ. ಅಲ್ಲಿ ಒಂದು ದಿನ ಹನುಮಪ್ಪ, ಇನ್ನೊಂದು ದಿನ ಬುದ್ಧ, ಒಮ್ಮೊಮ್ಮೆ ತಲೆಯಿಲ್ಲದ ನಂದಿ... ಸಿಮೆಂಟಿನ ಮೂರ್ತಿ ಮಾಡುವುದರಲ್ಲಿ ಅವರನ್ನು ಮೀರಿಸುವವರು ಸುತ್ತ ಹತ್ತೂರಲ್ಲಿ ಇರಲಿಲ್ಲ. ಮುಖ ತಿದ್ದುವ ದಿನ ಅವರಿಗೆ ಉಪವಾಸ. ಕಣ್ಣು ಬರೆದು, ಮೂರ್ತಿಯ ಮೊದಲ ನೋಟ ಮನುಷ್ಯರ ಮೇಲೆ ಬೀಳದಂತೆ ಎದುರಿಗೆ ಕನ್ನಡಿ ಹಿಡಿದ ಮೇಲೆಯೇ ಬಾಯಿಗೆ ನೀರು.

ಅಂಥವರ ಹತ್ತಿರ ಓಣಿಯ ಹುಡುಗರು ಬಂದು, ಕೆರೆ ದಂಡೆಯ ಉದ್ಯಾನಕ್ಕೆ ಕಂಪೌಂಡರನ ಮೂರ್ತಿ ಬೇಕು ಎಂದರು. ಹಳೆಯ ಸಿನಿಮಾ ಒಂದರಲ್ಲಿ ಬರುವ, ಸೂಜಿ ಕಂಡರೆ ರೋಗಿಗಿಂತ ಮೊದಲು ತಾನೇ ಓಡುವ ಡೊಳ್ಳು ಹೊಟ್ಟೆಯ ಕಂಪೌಂಡರ. ನಮ್ಮ ಕಡೆ ಮದುವೆ ಮನೆಗಳಲ್ಲೂ ಅವನ ನಡಿಗೆ ಮಾಡಿ ತೋರಿಸುವವರಿದ್ದರು. ಕಾಕಾ ಖುಷಿಯಿಂದ ಒಪ್ಪಿಕೊಂಡರು.

"ಗುಡ್ಡದಾಗ ಬುದ್ಧ ಮಲಗ್ಯಾನ. ಊರಾಗ ಒಬ್ಬಾಂವರ ನಿಂತು ನಗಲಿ" ಅಂದರು, ಮಲಗಿದ ಬುದ್ಧನ ಹಾಗೆ ಕಾಣುವ ನಮ್ಮೂರ ಗುಡ್ಡದ ಕಡೆ ಕೈ ಮಾಡಿ.

ಕೋಟು, ಬೂಟು, ಹೊಟ್ಟೆ ಎಲ್ಲ ಚೆಂದ ಬಂದವು. ಮುಖ ಮಾತ್ರ ಕೈಕೊಟ್ಟಿತು. ನಗುವ ಕಂಪೌಂಡರನ ಜಾಗದಲ್ಲಿ ವರ ಕೊಡುವ ದೇವರು ನಿಂತಿದ್ದ! ಸಿರಿಂಜು ಹಿಡಿದ ಕೈ ಕೂಡ ಅಭಯಹಸ್ತದ ಹಾಗೆ ಎದ್ದಿತ್ತು. ಕಾಕಾ ಮುಖ ಒಡೆದು ಮತ್ತೆ ಮಾಡಿದರು, ಮತ್ತೆ ದೇವರೇ. ನಮ್ಮತ್ತೆ ಗೋಡೆಯಾಚೆ ನೋಡಿ, ತಿಳಿಯದೆ ಕೈ ಮುಗಿದೇಬಿಟ್ಟರು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ಕಾಕಾ ನಗಲಿಲ್ಲ. ರವಿವಾರದೊಳಗೆ ಮುಖ ನಗದಿದ್ದರೆ ಮೂರ್ತಿಯನ್ನು ಯಾದಗಿರಿಯ ಕಲಾವಿದನ ಹತ್ತಿರ ಒಯ್ಯುತ್ತೇವೆ ಎಂದು ಹುಡುಗರು ಹೇಳಿ ಹೋಗಿದ್ದರು. ಕಾಕಾನ ಅಂಗಳದಿಂದ ಒಂದು ಮೂರ್ತಿಯೂ ಅರ್ಧಕ್ಕೆ ಎದ್ದು ಹೋದದ್ದಿಲ್ಲ.

ಶನಿವಾರ ಮೂರನೆಯ ಸಲ ಹಸಿ ಸಿಮೆಂಟು ಮೆತ್ತಿ, ಕರಣಿ ಹಿಡಿದು ಕೂತಿದ್ದರು. ಮಧ್ಯಾಹ್ನ ದಾಟಿದರೂ ಹನಿ ನೀರು ಕುಡಿದಿರಲಿಲ್ಲ. ಕಾಕಿಗೆ ತಡೆಯಲಾಗಲಿಲ್ಲ. ಬಿಸಿ ಮಿರ್ಚಿಯ ತಟ್ಟೆ ತಂದು ಗಂಡನ ಮುಂದೆ ಕುಕ್ಕಿದರು.

"ಉಪಾಸ ಕುಂತು ಮಾಡಿದ್ರ ದೇವ್ರೇ ಆಗ್ತಾನ್ರಿ, ನಗಾಂವ ಹ್ಯಾಂಗ ಆಗ್ತಾನ? ಈತನ ಹೊಟ್ಟಿ ನೋಡ್ರಿ, ಉಂಡು ಬಂದಾನ. ಮದ್ಲ ತಿನ್ರಿ!"

ಕಾಕಾ ಕಂಪೌಂಡರನ ಹೊಟ್ಟೆ ನೋಡಿದರು, ತಮ್ಮ ಹೊಟ್ಟೆ ನೋಡಿಕೊಂಡರು. ಒಂದು ಮಿರ್ಚಿ ತಿಂದರು. ಆಮೇಲೆ ನಾಲ್ಕು. ಐದನೆಯದರ ಖಾರ ನೆತ್ತಿಗೇರಿತು ನೋಡಿ... ಬಿಕ್ಕಳಿಕೆ, ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಮೊದಲು ಕಾಕಿ ನಕ್ಕರು, ಗೋಡೆಯೀಚೆ ನಾನು ನಕ್ಕೆ, ಕೊನೆಗೆ ಕಾಕಾ ಬಿದ್ದು ಬಿದ್ದು ನಗತೊಡಗಿದರು.

"ಯವ್ವಾ, ಕನ್ನಡಿ ಹಿಡಿ, ಲಗೂನ!" ಎಂದು ನನ್ನನ್ನು ಕೂಗಿದರು.

ಮೂರ್ತಿಗೆಂದು ಗೋಡೆಯ ಮೇಲೆ ತಂದಿಟ್ಟಿದ್ದ ಕನ್ನಡಿಯನ್ನು ನಾನು ಮೂರ್ತಿಗೆ ಹಿಡಿಯಲಿಲ್ಲ, ಅವರಿಗೇ ಹಿಡಿದೆ. ಮೇಲೇರಿದ ಕೆನ್ನೆ, ಕಿರಿದಾದ ಒಂದು ಕಣ್ಣು... ನೋಡುತ್ತ, ನಗುತ್ತ, ಸಿಮೆಂಟನ್ನು ಹೆಬ್ಬೆರಳಿನಿಂದ ಒತ್ತಿದರು. ಸಂಜೆಯ ಹೊತ್ತಿಗೆ ಕಂಪೌಂಡರನೂ ನಕ್ಕ. ಬಲಗೈ ಮಾತ್ರ ಸಿರಿಂಜು ಹಿಡಿದೇ ಒಂಚೂರು ಆಶೀರ್ವಾದ ಮಾಡುತ್ತ ಉಳಿಯಿತು.

ಕಾಕಾ ತೀರಿಕೊಂಡು ವರ್ಷಗಳಾದವು. ಕಾಕಿಯೂ ಇಲ್ಲ. ಅವರ ಅಂಗಳದಲ್ಲಿ ಈಗ ಯಾರದೋ ಮೋಟಾರ್ ಸೈಕಲ್ಲುಗಳು ನಿಲ್ಲುತ್ತವೆ. ಗೋಡೆಯಾಚೆ ನೋಡುವುದನ್ನೇ ಬಿಟ್ಟಿದ್ದೇನೆ.

ಮೊನ್ನೆ ವಾಸನೆಯ ಜಾಡು ಹಿಡಿದು ಉದ್ಯಾನದೊಳಗೆ ಹೋದರೆ, ದೋರನಹಳ್ಳಿಯ ಪೇಂಟರನೊಬ್ಬ ಕಂಪೌಂಡರನಿಗೆ ಹೊಸ ಬಣ್ಣ ಹಚ್ಚುತ್ತಿದ್ದ. ಕಣ್ಣು ಬರೆಯುವುದೊಂದೇ ಉಳಿದಿತ್ತು. ಪೇಂಟರನ ತುಟಿಗಳು ಒಣಗಿದ್ದವು.

"ಊಟ ಆತೇನಪ್ಪಾ?"

"ಇಲ್ರಿ ಅಕ್ಕಾರ, ಕಣ್ಣ ಬರಿಯೋತನ ಉಪಾಸ ಅದೀನ್ರಿ."

ನಾನು ಬಂಡಿಯಿಂದ ಮಿರ್ಚಿ ಕಟ್ಟಿಸಿಕೊಂಡು ಬಂದು ಅವನ ಕೈಗಿಟ್ಟೆ. "ಮದ್ಲ ತಿನ್ನಪ್ಪಾ. ಈತಗ ಉಪಾಸ ನಡ್ಯಂಗಿಲ್ಲ."

ಅವನು ನಗುತ್ತಲೇ ತಿಂದ. ಕೈ ತೊಳೆದು, ಏಣಿ ಏರಿ, ಕಣ್ಣು ಬರೆದ. ಹೊಸ ಬಣ್ಣದ ಕೆನ್ನೆಯಲ್ಲಿ ಕಾಕಾ ಅಂದಿನ ಹಾಗೆಯೇ ನಗುತ್ತಿದ್ದರು... ನನ್ನ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಬಂತು ಎನ್ನೋಣವೆಂದರೆ, ನಾನು ಒಂದು ಮಿರ್ಚಿಯನ್ನೂ ತಿಂದಿರಲಿಲ್ಲ.