ಸೊಂಟಕ್ಕೆ ಸುತ್ತಿದ ಅಕ್ಕಿ

ನಾನಾಗ ಚಿಕ್ಕವಳು, ಲಂಗ ಬಿಟ್ಟರೆ ಬೇರೆ ಬಟ್ಟೆ ಕಂಡವಳಲ್ಲ. ಸರ್ಕಾರ ಒಂದು ಕಾನೂನು ಮಾಡಿತ್ತು: ಒಂದು ಜಿಲ್ಲೆಯ ಅಕ್ಕಿ ಇನ್ನೊಂದು ಜಿಲ್ಲೆಗೆ ಹೋಗಕೂಡದು. ಯಾಕೆ ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಗಡಿಯಲ್ಲಿ ರಸ್ತೆಗೆ ಬಿದಿರಿನ ಗಳ ಅಡ್ಡ ಕಟ್ಟಿ, ಬಂದ ಬಸ್ಸನ್ನೆಲ್ಲ ನಿಲ್ಲಿಸಿ ಹುಡುಕುತ್ತಿದ್ದರು.

ನಮ್ಮದು ಮಂಡ್ಯದ ಕಡೆ, ನಾಲೆ ನೀರಿನ ಊರು. ಅಕ್ಕನನ್ನು ಕೊಟ್ಟಿದ್ದು ಪಕ್ಕದ ಜಿಲ್ಲೆಗೆ, ರಾಗಿ ಬಿಟ್ಟರೆ ಏನೂ ಬೆಳೆಯದ ನೆಲಕ್ಕೆ. ಎರಡನೇ ಹೆರಿಗೆ ಅಲ್ಲೇ ಆಯಿತು. ಬಾಣಂತಿಗೆ ಬಿಸಿ ಅನ್ನ, ಮೆಣಸಿನ ಸಾರು ಹಾಕಬೇಕು. ಅಲ್ಲಿ ಸೊಸೈಟಿಯಲ್ಲಿ ಕೊಡುತ್ತಿದ್ದ ಅಕ್ಕಿ ಮುಗ್ಗಲು ನಾತ, ಬಾಯಿಗಿಟ್ಟರೆ ಕಲ್ಲು. ಅಕ್ಕ ಉಣ್ಣುತ್ತಿಲ್ಲ, ಮಗುವಿಗೆ ಹಾಲು ಸಾಲುತ್ತಿಲ್ಲ ಅಂತ ಸುದ್ದಿ ಬಂತು.

ಅಮ್ಮ ಹಳೆ ಸೀರೆ ಹರಿದು ಹಾವಿನ ಹಾಗೆ ಉದ್ದನೆಯ ಚೀಲ ಹೊಲಿದಳು. ಅದಕ್ಕೆ ಅಕ್ಕಿ ತುಂಬಿ, ನನ್ನ ಸೊಂಟಕ್ಕೆ ಎರಡು ಸುತ್ತು ಸುತ್ತಿ, ಮೇಲೆ ಲಂಗ ಕಟ್ಟಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಸರಿಯಿತ್ತು. ಮಗಳ ಮನೆಗೆ ಹೋಗುವ ಅಕ್ಕಿ ಬರಿದಾಗಿ ಹೋಗಬಾರದು ಅಂತ ಚೀಲಕ್ಕೆಲ್ಲ ಅರಿಸಿನ ಬಳಿದಳು.

ಅಪ್ಪನ ಜೊತೆ ಹೊರಟೆ. ಬಸ್ಸಿನಲ್ಲಿ ಒಬ್ಬರ ಮೇಲೊಬ್ಬರು. ಬೀಡಿ ಹೊಗೆ, ಬುಟ್ಟಿಯಲ್ಲಿದ್ದ ಕೋಳಿಯ ವಾಸನೆ, ಮೈಯೆಲ್ಲ ಬೆವರು. ಗಡಿಯಲ್ಲಿ ಎಲ್ಲರನ್ನೂ ಇಳಿಸಿದರು. ಖಾಕಿ ಹಾಕಿದವನೊಬ್ಬ ಕಬ್ಬಿಣದ ಸರಳಿನಿಂದ ಮೂಟೆಗಳನ್ನು ಚುಚ್ಚಿ ನೋಡುತ್ತಿದ್ದ. ಒಬ್ಬ ಮುದುಕಿಯ ಗಂಟು ಕಿತ್ತಿಟ್ಟುಕೊಂಡ. ಅವಳು ಮಣ್ಣಲ್ಲೇ ಕುಸಿದಳು. ನಾನು ಬೇರೆ ಕಡೆ ನೋಡಿದೆ.

ಅವನು ನನ್ನ ಮುಂದೆ ಬಂದು ನಿಂತ. "ಏನಮ್ಮಿ, ಹೊಟ್ಟೆ ಇಷ್ಟು ದಪ್ಪ?"

"ಮುದ್ದೆ ಉಂಡ್ಕಂಡ್ ಬಂದಿವ್ನಿ."

"ಎಷ್ಟು?"

"ಮೂರು."

"ನಮ್ಮನೆ ಆಳೂ ಮೂರು ಉಣ್ಣಲ್ಲ ಕಣಮ್ಮಿ," ಅಂತ ನಕ್ಕ. ಆಮೇಲೆ ಅವನ ಕಣ್ಣು ಲಂಗದ ಮೇಲೆ ಬಿತ್ತು. ಬೆವರಿಗೆ ಅರಿಸಿನ ಇಳಿದು ಸೊಂಟದ ಸುತ್ತ ಹಳದಿ ಪಟ್ಟಿ ಮೂಡಿತ್ತು. ನಗು ನಿಂತಿತು. "ಬಿಚ್ಚು."

"ಬಿಚ್ಚಾಕಿಲ್ಲ," ಅಂದೆ. ಹೋಗಿ ಬಸ್ಸಿನ ಮುಂದಿನ ಚಕ್ರಕ್ಕೆ ಬೆನ್ನು ಕೊಟ್ಟು ಕುಳಿತೆ.

ಅಪ್ಪ ಓಡಿಬಂದ. "ಬಿಚ್ಚವ್ವ, ಜೈಲಿಗೆ ಹಾಕ್ತಾರೆ."

"ಹಾಕ್ಲಿ. ಅಕ್ಕ ಏನ್ ಉಣ್ಬೇಕು?"

ಹೆಣ್ಣುಮಗುವಿನ ಮೈಗೆ ಅವನು ಕೈ ಹಾಕುವಂತಿರಲಿಲ್ಲ. ಬಸ್ಸಿನ ಹೆಂಗಸರೆಲ್ಲ ಅವನನ್ನೇ ನೋಡುತ್ತಿದ್ದರು. ಡ್ರೈವರ್ ಹಾರನ್ ಒತ್ತಿದ. "ನಂಗಿನ್ನೂ ಎರಡು ಟ್ರಿಪ್ಪು ಐತೆ ಸ್ವಾಮಿ, ಬುಡಿ ಅತ್ಲಾಗೆ!" ಅಂತ ಕಂಡಕ್ಟರ್ ಕೂಗಿದ. ಎಷ್ಟೋ ಹೊತ್ತಿನ ಮೇಲೆ ಖಾಕಿಯವನು, "ಹಾಳಾಗಿ ಹೋಗು," ಅಂದ.

ಸಂಜೆ ಅಕ್ಕ ಬಿಸಿ ಅನ್ನ ಉಂಡಳು. ನನಗೂ ಅಪ್ಪನಿಗೂ ಮುದ್ದೆ. ಹೊತ್ತು ತಂದವಳಿಗೆ ಒಂದು ತುತ್ತು ಅನ್ನ ಇಲ್ಲವೇ ಅಂತ ಯಾರೂ ಕೇಳಲಿಲ್ಲ. ಕೇಳುವಂಥದ್ದೂ ಅಲ್ಲ.

ಇಲ್ಲಿ ಅಮೆರಿಕದಲ್ಲಿ, ನಿಮ್ಮ ಈ ಲಿಯಾಂಡರ್ ಊರಿನಲ್ಲಿ ನೀವೂ ನೋಡಿದಿರಲ್ಲ ಮಕ್ಕಳೇ, ಇಂಡಿಯಾ ಸರ್ಕಾರ ಹೊರದೇಶಕ್ಕೆ ಅಕ್ಕಿ ಕಳಿಸುವುದನ್ನು ನಿಲ್ಲಿಸಿದಾಗ? ಇಂಡಿಯನ್ ಸ್ಟೋರಿನಲ್ಲಿ ಮನೆಗೆ ಒಂದೇ ಚೀಲ ಸೋನಾ ಮಸೂರಿ. ಹ್ಯೂಸ್ಟನ್ನಿನಲ್ಲೂ ಡಲ್ಲಾಸಿನಲ್ಲೂ ಅದೇ ಕಥೆ ಅಂತ ಫೋನು ಬಂತು. ನಾನೊಂದು ಚೀಲ ಹಿಡಿದು, ನಿಮ್ಮಲ್ಲಿ ಚಿಕ್ಕವಳಿಗೆ ಇನ್ನೊಂದು ಕೊಟ್ಟು ಬೇರೆ ಸಾಲಿನಲ್ಲಿ ನಿಲ್ಲಿಸಿದೆ. ಬಿಲ್ ಮಾಡುವ ಆಂಟಿ ಯಾರ ಜೊತೆ ಬಂದೆ ಅಂತ ಕೇಳಿದ್ದೇ ತಡ, "ಮೈ ಅಜ್ಜಿ ಈಸ್ ಓವರ್ ದೇರ್," ಅಂತ ಕೈ ತೋರಿಸಿಬಿಟ್ಟಳು. ಚೀಲ ವಾಪಸ್ ಹೋಯಿತು.

ಕಾರಿನಲ್ಲಿ ನನಗೇ ಪಾಠ: "ಅಜ್ಜಿ, ದಟ್ಸ್ ಚೀಟಿಂಗ್."

ಹೌದು, ಮೋಸವೇ. ನಾನು ಬೈಯಲಿಲ್ಲ. ನಿಮಗೆ ಅಕ್ಕಿ ಇಲ್ಲದಿದ್ದರೆ ಬ್ರೆಡ್ಡಿದೆ, ಪಾಸ್ತಾ ಇದೆ. ನೀವು ನಿಜ ಹೇಳಿಬಿಟ್ಟರೂ ನಿಮ್ಮ ಮನೆಯಲ್ಲಿ ಯಾರೂ ಉಪವಾಸ ಬೀಳುವುದಿಲ್ಲ. ಆ ವಾರ ನಾನೂ ಪಾಸ್ತಾ ತಿಂದೆ. ಸೇರಲಿಲ್ಲ, ತಿಂದೆ. ಮನೆಯಲ್ಲಿ ಬಾಣಂತಿ ಇದ್ದಿದ್ದರೆ ಮಾತ್ರ, ಆ ಚೀಲ ಬಿಟ್ಟು ನಾನು ಬರುತ್ತಿರಲಿಲ್ಲ.