ಮಾವನ ಆಣೆ, ನನ್ನ ಡಿಗ್ರಿ

ನಾನು ಡಿಗ್ರಿ ಪಾಸಾಗುವುದು ಆಗದ ಹೋಗದ ಮಾತು ಎಂದು ಹೇಳಿದವನು ನನ್ನ ಸೋದರಮಾವ. ಹೇಳಿದ್ದು ತಾಳವಾಡಿಯ ಬಾರಿನಲ್ಲಿ, ಹತ್ತಾರು ಜನರ ಎದುರು, ಬೇಯಿಸಿದ ಮೊಟ್ಟೆಯ ಅರ್ಧ ಬಾಯಲ್ಲಿ, ಇನ್ನರ್ಧ ಕೈಯಲ್ಲಿ ಇಟ್ಟುಕೊಂಡು.

ಸತ್ಯಮಂಗಲದ ಕಡೆಯ ಕಾಲೇಜೊಂದರಲ್ಲಿ ನನಗೆ ಬಿ.ಕಾಂ. ಸೀಟು ಸಿಕ್ಕಿದ ದಿನ ಅದು. ನಮ್ಮ ಬೀದಿಯವರೆಲ್ಲ ಕೂಲಿಗೆ ಹೋಗುವವರು. ರಾಗಿ ಕೊಯ್ಯುವುದು, ಜೋಳ ಮುರಿಯುವುದು, ಕೋಸು ಕಿತ್ತು ಲಾರಿಗೆ ತುಂಬುವುದು. ಹತ್ತನೆಯ ಕ್ಲಾಸು ದಾಟಿದವನು ನಾನೊಬ್ಬನೇ. ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಮಾವ ಇದ್ದಲ್ಲಿಗೇ ಓಡಿದ್ದೆ.

"ಡಿಗ್ರಿಯಾ? ನೀನಾ? ಲೋ ಅಳಿಮಯ್ಯ, ನಮ್ ವಂಸದ ಎಮ್ಮೆಗೂ ಆ ಯೋಗ ಇಲ್ಲ ಕಣ್ಲಾ!"

ಬಾರು ನಕ್ಕಿತು. ನಗು ಕೇಳಿದರೆ ಮಾವನಿಗೆ ಎಲ್ಲಿಲ್ಲದ ಹುರುಪು. ಎದ್ದು ನಿಂತ, ಮಾದಪ್ಪನ ಬೆಟ್ಟದ ದಿಕ್ಕಿಗೆ ತಿರುಗಿ ಕೈಮುಗಿದ. "ಇವ್ನು ಡಿಗ್ರಿ ಮಾಡಿ, ಆ ಪತ್ರ ತಂದು ನನ್ ಕೈಗೆ ಕೊಟ್ರೆ ಅವತ್ತೇ ಕುಡಿಯೋದು ಬುಟ್ಬುಡ್ತೀನಿ. ಮಾದಪ್ಪನ ಆಣೆ!"

ನಗು ಅಲ್ಲಿಗೇ ನಿಂತಿತು. ನಮ್ಮ ಕಡೆ ಹೆಂಡತಿಯ ಮೇಲೆ, ಮಕ್ಕಳ ಮೇಲೆ ಆಣೆ ಇಟ್ಟು ಮಾರನೆಯ ದಿನ ಮರೆಯುವವರಿದ್ದಾರೆ. ಮಾದಪ್ಪನ ಮೇಲೆ ಇಟ್ಟ ಆಣೆಯನ್ನು ಮುರಿದವನ ಪಕ್ಕ ಕೂತು ಯಾರೂ ನೀರು ಸಹ ಕುಡಿಯುವುದಿಲ್ಲ. ಮಾವನಿಗೂ ತಾನು ಏನು ಅಂದೆ ಎಂಬುದು ಆಗ ಹೊಳೆಯಿತು. ಕೈಯಲ್ಲಿದ್ದ ಮೊಟ್ಟೆಯನ್ನು ತಟ್ಟೆಗೆ ಇಟ್ಟುಬಿಟ್ಟ.

ಅವನು ಮನೆ ಮುಟ್ಟುವ ಮೊದಲೇ ಮಾತು ಅತ್ತೆಯನ್ನು ಮುಟ್ಟಿತ್ತು. ಬಾರಿನವರಿಗೆ ಇದು ತಮಾಷೆ, ಅತ್ತೆಗೆ ಅಲ್ಲ. ದಿನಾ ಸಂಜೆ ಬಾಗಿಲಲ್ಲಿ ನಿಂತು, ಗಂಡ ದೂರದಿಂದ ಹೇಗೆ ನಡೆದು ಬರುತ್ತಿದ್ದಾನೆಂದು ನೋಡಿ, ಇವತ್ತು ಮಾತಾಡಬೇಕೋ ಸುಮ್ಮನಿರಬೇಕೋ ಎಂದು ತೀರ್ಮಾನಿಸುತ್ತಿದ್ದವಳು ಆಕೆ. ಆವತ್ತಿನಿಂದ ಅವರ ಮನೆಯ ಕೋಳಿ ಇಟ್ಟ ಮೊಟ್ಟೆಯೆಲ್ಲ ನನ್ನ ತಟ್ಟೆಗೆ. ರಜೆಗೆ ಬಂದಾಗ ನಾನು ಪುಸ್ತಕ ಹಿಡಿದು ಕೂತರೆ ಬೀದಿಯ ಮಕ್ಕಳನ್ನು ಕಡ್ಡಿ ಹಿಡಿದು ಅಟ್ಟುತ್ತಿದ್ದಳು. "ಗಲಾಟೆ ಮಾಡ್ಬ್ಯಾಡಿ, ನಮ್ಮನೆ ಸಂಸಾರ ಓದ್ತಾ ಕುಂತದೆ!"

ಅಷ್ಟರಲ್ಲಿ ಬಾರೂ ಬದಲಾಯಿತು. ಮೊದಲು ಇದ್ದದ್ದು ಖಾಸಗಿಯವರದು. ಹಸಿರು ಪರದೆ, ಕೆಂಪು ಬಲ್ಬು, ಹಾಡು, ಹೆಸರು ಹಿಡಿದು ಮಾತಾಡಿಸುವ ಓನರು. ಆಮೇಲೆ ಮಾರುವ ಕೆಲಸವನ್ನು ನಮ್ಮ ತಮಿಳುನಾಡು ಸರ್ಕಾರವೇ ಕೈಗೆತ್ತಿಕೊಂಡಿತು. ಕಬ್ಬಿಣದ ಜಾಲರಿ, ಅದರಲ್ಲಿ ಒಂದು ಕಿಂಡಿ, ಹಿಂದುಗಡೆ ತಗಡಿನ ಶೆಡ್ಡು. ಶೆಡ್ಡಿನಲ್ಲಿ ಪ್ಲಾಸ್ಟಿಕ್ ಸ್ಟೂಲು, ನೀರಿನ ಪ್ಯಾಕೆಟ್ಟು, ಕಾಲಿಗೆ ಸಿಗುವ ಪ್ಲಾಸ್ಟಿಕ್ ಲೋಟ. ಹೆಸರು ಮಾತ್ರ ಬಾರು.

ಅಲ್ಲಿಯ ಸೊಗಸೆಲ್ಲ ಕಟಿಂಗಿನಲ್ಲಿತ್ತು. ಕಟಿಂಗ್ ಎಂದರೆ ಒಂದು ಕ್ವಾರ್ಟರನ್ನು ಇಬ್ಬರು ಅರ್ಧರ್ಧ ಮಾಡಿಕೊಳ್ಳುವುದು. ಜೊತೆಗಾರ ಯಾರಾದರೂ ಆಗಬಹುದು. ಮಾವನ ಜೊತೆಗಾರ ಪಣಕಹಳ್ಳಿಯ ಒಬ್ಬ ಜಮೀನ್ದಾರ ಗೌಡ. ಊರಲ್ಲಿ ಗೌಡರ ಜಗಲಿಯ ಕೆಳಗೆ ನಿಂತು ಕೂಲಿ ಕೇಳುತ್ತಿದ್ದ ಮಾವ, ಶೆಡ್ಡಿನಲ್ಲಿ ಅವರ ಎದುರಿಗೆ ಸ್ಟೂಲು ಎಳೆದುಕೊಂಡು ಕೂರುತ್ತಿದ್ದ. ಗೌಡರು ಹಣೆಯ ವಿಭೂತಿಯನ್ನು ಟವೆಲಿನಿಂದ ಒರೆಸಿಕೊಂಡೇ ಒಳಗೆ ಬರುತ್ತಿದ್ದರು. ಮಾವ ಬಂದದ್ದನ್ನು ಗೌಡರು ಹೇಳುವಂತಿಲ್ಲ, ಗೌಡರು ಬಂದದ್ದನ್ನು ಮಾವ ಹೇಳುವಂತಿಲ್ಲ. ಅಂಥ ಜೊತೆ ಸಿಗುವುದು ಕಷ್ಟ.

ಈಗ ನಾನು ಆಫೀಸಿನವರ ಜೊತೆ ಎಂದಾದರೂ ಚಾಮರಾಜನಗರದ ಎ.ಸಿ. ಬಾರಿಗೆ ಹೋಗುತ್ತೇನೆ. ಮೆತ್ತನೆ ಕುರ್ಚಿ, ಪೇಪರ್ ಕರವಸ್ತ್ರ, ಬಗ್ಗಿ ನಿಂತು "ಏನ್ ಕೊಡ್ಲಿ ಸಾರ್" ಎನ್ನುವ ಹುಡುಗರು. ಪಕ್ಕದ ಮೇಜಿನವರು ಯಾರೆಂದು ಯಾರಿಗೂ ಗೊತ್ತಿಲ್ಲ. ಅಲ್ಲೊಮ್ಮೆ ಖುಷಿಯಲ್ಲಿ "ಕಟಿಂಗ್ ಉಂಟಾ?" ಎಂದು ಪಕ್ಕದವನನ್ನು ಕೇಳಿಬಿಟ್ಟೆ. ಅವನು ತನ್ನ ಫೋನು ಎತ್ತಿಕೊಂಡು ಬೇರೆ ಮೇಜಿಗೆ ಹೋದ.

ಇರಲಿ. ಕೊನೆಯ ವರ್ಷ ಕಾಸ್ಟಿಂಗ್ ಎಂಬ ಲೆಕ್ಕದ ಪೇಪರಿನಲ್ಲಿ ನಾನು ಫೇಲಾದೆ. ಸುದ್ದಿ ಕೇಳಿ ಮಾವ "ಅಯ್ಯೋ ನನ್ ಕೂಸೇ" ಎಂದು ಎದೆ ಬಡಿದುಕೊಂಡು ಅತ್ತ. ಅಳುತ್ತಲೇ ಶೆಡ್ಡಿಗೆ ಹೋದ. ಅಲ್ಲಿ ಹಬ್ಬ. ಗೌಡರು ಎಲ್ಲರಿಗೂ ಆಮ್ಲೆಟ್ ಹೇಳಿದರಂತೆ. ಮಾವ ಮೂರು ಆಮ್ಲೆಟ್ ತಿಂದು, ಮೂರಕ್ಕೂ ಅತ್ತನಂತೆ.

ಆ ಪೇಪರನ್ನು ಮತ್ತೆ ಬರೆಯಲು ಮಧ್ಯಾಹ್ನದ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಗೌಡರು ಬೈಕು ನಿಲ್ಲಿಸಿದರು. "ಬಾ ಮಗ, ಬಸ್ಸು ಬರಾಗಂಟ ಏನಾರ ತಿನ್ನೀವಂತೆ." ಹೋದೆ. ಶೆಡ್ಡಿನಲ್ಲಿ ಆಮ್ಲೆಟ್ಟಿನ ಪಕ್ಕದಲ್ಲಿ ಒಂದು ಲೋಟವೂ ಬಂತು.

"ಕುಡಿ ಮಗ. ಇದೊಂದು ಪರೀಕ್ಸೆ ತಪ್ಪೋದ್ರೆ ಏನೀಗ, ಮುಂದ್ಲ ಸಲ ಬರೀಬೌದು," ಎಂದರು. ಆಮೇಲೆ ದನಿ ತಗ್ಗಿಸಿ, "ನಿಮ್ ಮಾವ ಬುಟ್ಬುಟ್ರೆ ನಾನ್ ಯಾರ್ ಜೊತೆ ಕುಡೀಲಪ್ಪ? ಇನ್ಯಾವನಾದ್ರೂ ಆದ್ರೆ ಸಂಜೆಗೇ ನಮ್ಮನೆಗೆ ಸುದ್ದಿ ಓಯ್ತದೆ."

ಅವರ ಮುಖ ನೋಡಿ ಪಾಪ ಅನಿಸಿತು. ಲೋಟ ತುಟಿಯ ಹತ್ತಿರ ತಂದೆ. ಹಿಂದಿನಿಂದ ಒಂದು ಕೈ ಬಂದು ಅದನ್ನು ಕಿತ್ತುಕೊಂಡಿತು. ಮಾವ! ಲೋಟ ಒಂದೇ ಗುಟುಕಿಗೆ ಖಾಲಿ. "ಚೆಲ್ಲಕ್ಕಾಯ್ತದಾ?" ಎಂದು ಮೀಸೆ ಒರೆಸಿಕೊಂಡು ಗೌಡರ ಕಡೆ ತಿರುಗಿದ. "ಬುದ್ದಿ, ನಿಮ್ ಕಟಿಂಗು ನಂಗೆ ಬೇಕು. ನಿಮ್ಮಾಣೆಗೂ ಬೇಕು. ಆದ್ರೆ ನನ್ ಕೂಸ್ನ ಮುಟ್ಬ್ಯಾಡಿ."

ನನ್ನ ಕಾಲರು ಹಿಡಿದು ಬಸ್ಸಿನವರೆಗೆ ಎಳೆದುಕೊಂಡು ಹೋದ. ಬ್ಯಾಗನ್ನು ಕಿಟಕಿಯಿಂದ ಒಳಗೆ ಎಸೆದ. ಸತ್ಯಮಂಗಲ ಬರುವವರೆಗೆ ಇವನನ್ನು ಇಳಿಯಲು ಬಿಡಬೇಡಿ ಎಂದು ಕಂಡಕ್ಟರಿಗೆ ತಮಿಳಿನಲ್ಲಿ ಕೂಗಿ ಹೇಳಿದ. ನನಗೆ ಮಾತ್ರ ಕನ್ನಡದಲ್ಲಿ: "ಪೇಲಾಗಿ ಬಂದ್ರೆ ಕಾಲ್ ಮುರೀತೀನಿ. ಪಾಸಾಗಿ ಬಂದ್ರೂ ಮುರೀತೀನಿ. ಓಗ್ಲಾ!"

ದಿಂಬಂ ಘಾಟಿಯ ತಿರುವುಗಳಲ್ಲಿ ಬಸ್ಸು ಇಳಿಯುತ್ತಿದ್ದರೆ ನಾನು ಕಾಸ್ಟಿಂಗ್ ಪುಸ್ತಕ ತೆರೆದು ಒಬ್ಬನೇ ನಗುತ್ತ ಕೂತಿದ್ದೆ. ಪಕ್ಕದ ಅಜ್ಜಿ ಸರಿದು ಕೂತರು.

ಪಾಸಾದೆ! ಬೀದಿಯೇ ಕುಣಿಯಿತು. ನನ್ನ ಅಪ್ಪ ಅವ್ವ ಕೂಲಿಗೆ ರಜೆ ಹಾಕಿ ಮನೆಯಲ್ಲಿ ಕೂತು ಸುಮ್ಮನೆ ನನ್ನನ್ನೇ ನೋಡಿದರು. ಅತ್ತೆ ಪಾಯಸ ಮಾಡಿದಳು. ಮಾವ ಪಾಯಸ ಕುಡಿದು ಶೆಡ್ಡಿನ ಕಡೆ ಹೊರಟ.

"ಎಲ್ಲಿಗೆ?" ಎಂದಳು ಅತ್ತೆ.

"ನಾನಂದದ್ದು ಪತ್ರ ಕೈಗೆ ಕೊಟ್ರೆ ಅಂತ. ಪತ್ರ ಎಲ್ಲದೆ? ಮಾದಪ್ಪನ್ ತಾವ ಒಂದು ಎಳ್ಳಷ್ಟು ಎಚ್ಚುಕಮ್ಮಿ ಮಾಡಬಾರ್ದು ಕಣಮ್ಮಿ!"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಪತ್ರ ಕೊಡುವ ಸಮಾರಂಭ ಬರಲು ತಿಂಗಳುಗಟ್ಟಲೆ ಹಿಡಿಯಿತು. ಅಷ್ಟೂ ತಿಂಗಳು ಮಾವ, ಗೌಡರು ಇಬ್ಬರೂ ಒಂದು ದಿನವನ್ನೂ ವ್ಯರ್ಥ ಮಾಡಲಿಲ್ಲ.

ಸಮಾರಂಭಕ್ಕೆ ಅವನು ಬರುವುದಿಲ್ಲ ಅಂದುಕೊಂಡಿದ್ದೆ. ಬಾರದೇ ಇದ್ದರೆ ಪತ್ರ ಕೈಗೆ ಕೊಟ್ಟಂತಾಗುವುದಿಲ್ಲವಲ್ಲ. ಆದರೆ ಬೆಳಗಿನ ಮೊದಲ ಬಸ್ಸಿನಿಂದ ಅತ್ತೆಗಿಂತ ಮುಂಚೆ ಇಳಿದವನೇ ಅವನು. ಬಿಳಿ ಷರಟು, ಒಗೆದ ಪಂಚೆ, ಎಣ್ಣೆ ಹಚ್ಚಿ ಬಾಚಿದ ತಲೆ. ಕರಿ ಗೌನು ಹಾಕಿದ ನನ್ನನ್ನು ಕಂಡು, "ಏನ್ಲಾ ಇದು, ವಕೀಲನ್ ಮದ್ವೆ ಗಂಡು ಇದ್ದಂಗಿದ್ದೀಯ," ಎಂದು ಕಾಲೇಜೆಲ್ಲ ತಿರುಗಿ ನೋಡುವಂತೆ ನಕ್ಕ.

ವೇದಿಕೆ ಇಳಿದು ಬಂದು ಪತ್ರವನ್ನು ಅವನ ಎರಡೂ ಕೈಗಳಲ್ಲಿ ಇಟ್ಟೆ. ಅವನಿಗೆ ಓದಲು ಬಾರದು. ಆದರೂ ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದ, ಬೆಟ್ಟದ ದಿಕ್ಕು ಹುಡುಕಿ ಹಣೆಗೆ ಒತ್ತಿಕೊಂಡ. ಆವತ್ತು ಬೆಳಗಿನಿಂದ ಅವನು ಏನೂ ಕುಡಿದಿರಲಿಲ್ಲ. ಹಾಳೆ ಪಟಪಟ ಎನ್ನುತ್ತಿತ್ತು.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು.

"ಇತ್ಲಾಗ್ ಕೊಡು. ಕೈ ನಡುಗ್ತಾ ಅದೆ, ಅರ್ದುಗಿರ್ದಾತು. ಅಗೋ ಅಲ್ಲಿ ಟೀ ಕೊಡ್ತಾವ್ರೆ, ಎರಡು ಲೋಟ ಕುಡ್ಕೊಂಬಾ ಓಗು."